ಒಂದೇ ನಳಿಗೆಯ ಲಸಿಕೆ

ನಲವತ್ತರ ದಶಕದಲ್ಲಿ ಮಾನ್ವಿಯ ನಮ್ಮ ಓಣಿಯಲ್ಲಿ ಸಿಡುಬಿನ ಲಸಿಕೆ ಹಾಕುವವರೊಬ್ಬರಿದ್ದರು. ಸೂಜಿಯನ್ನು ಉರಿಗೆ ಹಿಡಿದು, ಅದು ಆರುವ ತನಕ ಮಗುವನ್ನು ನಗಿಸುತ್ತಿದ್ದರು. ಸಿಡುಬನ್ನು ಅಮ್ಮ ಎಂದೇ ಕರೆಯುತ್ತಿದ್ದ ಕಾಲವದು.

“ಇನ್ನ ಅಮ್ಮ ಬರಂಗಿಲ್ಲಲ್ರೀ?” ಎಂದು ತಾಯಂದಿರು ಕೇಳಿದರೆ, “ಬರಂಗಿಲ್ಲ ಯವ್ವಾ, ನಾ ಮಾತು ಕೊಡ್ತೀನಿ” ಎನ್ನುವರು.

ಒಂದು ಬೇಸಿಗೆ ಓಣಿಯ ಮಕ್ಕಳಿಗೆಲ್ಲ ಹಾಕಿ, ಅದೇ ಗಾಜಿನ ನಳಿಗೆಯಲ್ಲಿ ಉಳಿದ ಲಸಿಕೆಯನ್ನು ತಮ್ಮ ಮಗಳಿಗೂ ಹಾಕಿದರು. ಓಣಿಗೆ ಸಿಡುಬು ಬಂದಾಗ ಉಳಿದ ಮಕ್ಕಳೆಲ್ಲ ಬದುಕಿದರು. ಅವರ ಮಗಳೊಬ್ಬಳೇ ಹೋದಳು.

“ದೇವಿ ಕೂಡ ಜಿದ್ದಿಗೆ ಬಿದ್ದೆಲ್ಲೋ!” ಎಂದು ಲಸಿಕೆಯವರ ತಾಯಿ ಎದೆ ಬಡಿದುಕೊಂಡರು. ರಾಯಚೂರಿನ ಡಾಕ್ಟರು, ಲಸಿಕೆ ಬಿಸಿಲಿಗೆ ಕೆಟ್ಟಿರಬೇಕು ಎಂದರು.

ಲಸಿಕೆಯವರು ನಮ್ಮ ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದರು: “ಕೆಟ್ಟಿದ್ರ ಎಲ್ಲಾರಿಗೂ ಕೆಡಬೇಕಿತ್ತಲ್ರೀ. ದೇವಿಗೆ ಸಿಟ್ಟಿದ್ರ ನನ್ನ ಒಯ್ಯಬೇಕಿತ್ತು. ಹೇಳ್ರಿ, ಯಾವ್ದು ನಂಬ್ಲಿ?”



ಆಮೇಲೂ ಅವರು ಕೆಲಸ ಬಿಡಲಿಲ್ಲ. ಮಾತು ಕೊಡುವುದನ್ನು ಮಾತ್ರ ಬಿಟ್ಟರು. ಒಮ್ಮೆ ಪಕ್ಕದೂರು ನೀರಮಾನ್ವಿಗೆ ನಾನೂ ಜೊತೆಗೆ ಹೋಗಿದ್ದೆ. “ಅಮ್ಮ ಬರಂಗಿಲ್ಲಲ್ರೀ?” ಎಂದಳು ಒಬ್ಬ ತಾಯಿ. ಇವರು ಆರಿದ ಸೂಜಿಯನ್ನು ಮತ್ತೆ ಉರಿಗೆ ಹಿಡಿದರು. ಅವಳು ಇನ್ನೊಮ್ಮೆ ಕೇಳಿದಳು. ಆಮೇಲೆ ಮಗುವಿನ ತೋಳನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ಹೋದಳು.

ಸೂಜಿ ಇನ್ನೂ ಉರಿಯ ಮೇಲೇ ಇತ್ತು.