ಮೂರು ಗಾಡಿಗೆ ಒಂದು ರೇಡಿಯೊ

ನಮ್ಮ ಮನೆಯೊಡತಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪುಗಟ್ಟಿರುತ್ತಿತ್ತು. ಜೀಪಿನ ಬಾಗಿಲನ್ನು ಅವರು ಸಿಟ್ಟಿನಿಂದಲೇ ಮುಚ್ಚುತ್ತಿದ್ದರು.

ಬ್ಯಾಂಕಿನ ವರ್ಗಾವಣೆಯ ಮೇಲೆ ಕಾಶಿಗೆ ಹೋದ ನಾನು ಭೇಲೂಪುರದ ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಕರ್ನಾಟಕದ ಯಾತ್ರಿಕರಿಗೆ ಗಾಡಿ ಒದಗಿಸುವ ಕಸುಬನ್ನು ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು: ಒಂದು ಜೀಪು, ಒಂದು ವ್ಯಾನು, ಒಂದು ಹಳೆಯ ಕಾರು. ಅದೇ ಕಸುಬಿನ ಮೈದುನ ರೈಲು ನಿಲ್ದಾಣದಲ್ಲಿ ನಿಂತು, "ಮುಂಡೆ ಗಾಡೀಲಿ ಶ್ರಾದ್ಧಕ್ಕೆ ಹೋಗ್ತೀರಾ?" ಎಂದು ಯಾತ್ರಿಕರನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಅದು ಕಿವಿಗೆ ಬಿದ್ದ ದಿನ ಅವರು ಅಳಲಿಲ್ಲ. "ಅವನ ಗಾಡಿಯಿಂದ ಜನ ತಾವಾಗೇ ಇಳೀಬೇಕು. ಅವನು ನಿಂತು ನೋಡ್ಬೇಕು," ಎಂದರು.

ಉಪಗ್ರಹದಿಂದ ಕನ್ನಡ ಹಾಡು ಹಿಡಿಯುವ ರೇಡಿಯೊ ಬಂದಿದೆಯೆಂದು ತಿಳಿದದ್ದೇ ತಡ, ಇಂಗ್ಲಿಷ್ ಓದಿ ಹೇಳಲು ನನ್ನನ್ನು ಸೋನಾರ್‌ಪುರದ ಅಂಗಡಿಗೆ ಕರೆದೊಯ್ದರು. ಅಂಗಡಿಯವನು ಮೊದಲು ದೊಡ್ಡ ಪೆಟ್ಟಿಗೆಯೊಂದನ್ನು ಮುಂದಿಟ್ಟ.

"ತೀನೋಂ ಗಾಡೀ ಮೇಂ ಚಲೇಗಾ?" ಮೂರೂ ಗಾಡಿಯಲ್ಲಿ ನಡೆಯುತ್ತದೆಯೇ ಎಂದು ಅವರು ಕೇಳಿದರು.

"ನಹೀಂ ಮಾತಾಜೀ, ಏಕ್ ಹೀ ಮೇಂ."

ಒಂದರಲ್ಲೇ ಎಂದ ಕೂಡಲೇ ಅದನ್ನು ಪಕ್ಕಕ್ಕೆ ಸರಿಸಿದರು. ಎರಡನೆಯದು ಚಿಕ್ಕದು, ಬ್ಯಾಟರಿಯದು. ಆಂಟೆನಾ ಉದ್ದ ವೈರಿನ ತುದಿಯಲ್ಲಿ ಬೇರೆಯಾಗಿತ್ತು. ನಾನು ಅದರ ಜೊತೆಗಿದ್ದ ಕಾಗದ ಓದಿ, "ಓಡೋ ಗಾಡೀಲಿ ಸರಿಯಾಗಿ ಹಿಡಿಯೋಲ್ವಂತೆ, ಬೇಡ ಬಿಡಿ" ಎಂದೆ.

"ನಿಂತಾಗ ಹಾಡುತ್ತಲ್ಲ? ಅವನು ಚಾಯ್‌ಗೆ ನಿಲ್ಲಿಸೋ ಕಡೆನೇ ನಾನೂ ನಿಲ್ಲಿಸ್ತೀನಿ."

ಮೂರೂ ಗಾಡಿಗಳ ನೆತ್ತಿಯ ಮೇಲೆ ಆಂಟೆನಾ ಇಟ್ಟು ನೋಡಿದ ಮೇಲೆಯೇ ಕೊಂಡರು. ಮೈದುನನ ಹಿಂದೆ ಆ ದಿನ ಯಾವ ಗಾಡಿ ಹೊರಡುವುದೋ, ರೇಡಿಯೊ ಅದಕ್ಕೆ.

ಒಂದು ರಜೆಯ ದಿನ ಅವರ ಜೀಪಿನಲ್ಲಿ ಹೋದಾಗ, ಗಯೆಯ ದಾರಿಯ ಚಹಾದಂಗಡಿಯೊಂದರಲ್ಲಿ ಅದರ ಫಲವನ್ನು ಕಣ್ಣಾರೆ ಕಂಡೆ. ಜೀಪಿನ ಮೇಲಿಂದ ಕನ್ನಡ ಹಾಡು ಕೇಳುತ್ತಲೇ ಮೈದುನನ ವ್ಯಾನಿನಲ್ಲಿದ್ದ ಮುದುಕಿಯೊಬ್ಬಳು ಗಂಟು ಹೊತ್ತು ಬಂದಳು. "ವಾರದಿಂದ ನಮ್ಮ ಹಾಡೇ ಕಿವಿಗೆ ಬಿದ್ದಿಲ್ಲ ಕಣವ್ವ. ಇಲ್ಲೇ ಕೂತ್ಕತೀನಿ." ಹಿಂದೆಯೇ ಇನ್ನೂ ನಾಲ್ವರು ಬಂದರು.

"ಅತ್ತಿಗೆ, ಇದು ನ್ಯಾಯವಾ?" ಎಂದ ಮೈದುನ.

ಅವರು ರೇಡಿಯೊದತ್ತ ಕೈ ಚಾಚಿದರು. ದನಿಯನ್ನು ಇನ್ನಷ್ಟು ಏರಿಸಿದರು. ನನಗೆ ಚಹಾ ಅಷ್ಟು ರುಚಿಸಿದ್ದು ಅದೇ ಮೊದಲು.

ಎರಡು ವರ್ಷದಲ್ಲಿ ಅವನು ಗಾಡಿ ಮಾರಿದ. ಅಷ್ಟರಲ್ಲಿ ಇವರೂ ಹಾಸಿಗೆ ಹಿಡಿದಿದ್ದರು. ಹನುಮಾನ್ ಘಾಟಿನ ಪುರೋಹಿತರು ಬಂದು, "ಇನ್ನಾದರೂ ಅವನನ್ನ ಕ್ಷಮಿಸಿಬಿಡಿ ತಾಯಿ" ಎಂದರು.

"ಕಾಶೀಲಿ ಸತ್ರೆ ಮುಕ್ತಿ ಅಂತೀರಿ. ಅದಕ್ಕೆ ಅವನನ್ನ ಕ್ಷಮಿಸಲೇಬೇಕು ಅಂತ ಎಲ್ಲಿದೆ?" ಎಂದು ಗೋಡೆಯ ಕಡೆ ಹೊರಳಿದರು. ಮೂರನೆಯ ದಿನ ಹೋದರು.

ಅವಮಾನ ನುಂಗುವುದೇ ಒಳ್ಳೆಯತನವೆಂದು ನಂಬಿ ಬೆಳೆದವನು ನಾನು. ಎಲ್ಲರೆದುರು ನನ್ನ ಹಿಂದಿಯನ್ನು ಅಣಕಿಸಿ ನಗಿಸುತ್ತಿದ್ದ ಮೇಲಧಿಕಾರಿಯ ವಿರುದ್ಧ ಮೂರು ವರ್ಷ ತುಟಿ ಬಿಚ್ಚಿರಲಿಲ್ಲ. ಮನೆಯೊಡತಿಯ ಚಿತೆ ಆರಿದ ಮರುದಿನ ದೂರು ಬರೆದು, ಅವನ ಮೇಜಿನ ಮೇಲೆ ಅವನ ಕಣ್ಣೆದುರೇ ಸಹಿ ಹಾಕಿದೆ.