ಕರಿಬೇವಿಗೊಂದು ಅರ್ಜಿ

ಒಂದು ಹಿಡಿ ಕರಿಬೇವು ಬೇಕಾದರೂ ಚಿಕ್ಕವೆಂಕಟಪ್ಪನವರು ನಮ್ಮ ಮನೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕಳಿಸುತ್ತಿದ್ದರು. ನೀಲಿ ಮಸಿ, ಎಡಕ್ಕೆ ನಾಲ್ಕು ಬೆರಳು ಅಂಚು ಬಿಟ್ಟ ಉದ್ದನೆಯ ಕಾಗದ. ಮಹನೀಯರ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ಮೊದಲು ಕ್ಷಮೆ, ಆಮೇಲೆ ನಮ್ಮ ಮನೆತನದ ಔದಾರ್ಯದ ಹೊಗಳಿಕೆ, ಏಳನೆಯ ಸಾಲಿನಲ್ಲೆಲ್ಲೋ ಕರಿಬೇವು, ಕೊನೆಗೆ ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಸಹಿ. ನಮ್ಮಮ್ಮನಿಗೆ ಇಂಗ್ಲಿಷ್ ಬಾರದು. ಅರ್ಜಿ ತಂದ ಅವರ ಹೆಂಡತಿ ಪುಟ್ಟಮ್ಮನವರಿಗೂ ಬಾರದು. ಅವರಿಬ್ಬರೂ ಹಿತ್ತಲಿಗೆ ಹೋಗಿ, ಕರಿಬೇವು ಕಿತ್ತು, ಊರಿನ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸಿದ ಮೇಲೆ ನಾನು ಆ ಕಾಗದ ಓದಿಕೊಂಡು ನಗುತ್ತಿದ್ದೆ. ಆಗಷ್ಟೇ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿದ್ದೆ, ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಇತ್ತು.

ಇದು ಐವತ್ತರ ದಶಕದ, ಬೆಂಗಳೂರಿನ ಅಂಚಿನ ಹೊಸಹಳ್ಳಿ. ರಾಗಿ ಹೊಲಗಳ ನಡುವೆ ಸೈಟಿನ ಕಲ್ಲುಗಳು ಒಂದೊಂದಾಗಿ ಏಳುತ್ತಿದ್ದವು. ಚಿಕ್ಕವೆಂಕಟಪ್ಪನವರು ಅದೇ ಊರಿನ ಒಕ್ಕಲು ಮನೆಯ ಮಗ. ಮಿಷನ್ ಸ್ಕೂಲಿನಲ್ಲಿ ಓದಿ, ಮೈಸೂರು ಸರ್ಕಾರದ ಕಂದಾಯ ಇಲಾಖೆಗೆ ಗುಮಾಸ್ತರಾಗಿ ಸೇರಿ, ಶಿರಸ್ತೇದಾರರಾಗಿ ನಿವೃತ್ತರಾಗಿದ್ದರು. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಶಿರಸ್ತೇದಾರ್ರು ಎಂದೇ. ಮೂವತ್ತು ವರ್ಷ ದೊರೆಗಳಿಗೆ ಅರ್ಜಿ ಬರೆದೂ ಬರೆದೂ ಅವರ ಇಂಗ್ಲಿಷ್ ಸೊಂಟ ಬಗ್ಗಿಸಿಕೊಂಡೇ ನಿಂತುಬಿಟ್ಟಿತ್ತು.

ಅವರ ಮನೆಗೆ ಮೂವರು ಗೋವಾ ಹುಡುಗರು ಬಂದದ್ದು ಮೀನಿನ ದೆಸೆಯಿಂದ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಶಾಲೆಯನ್ನೆಲ್ಲ ಪೋರ್ಚುಗೀಸಿನಲ್ಲಿ ಓದಿದ ಹುಡುಗರು ಬಿ.ಎಸ್ಸಿ. ಮಾಡಲು ಬೆಂಗಳೂರಿಗೆ ಬಂದರೆ ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೀನು ಬೇಯಿಸುವವರೆಂದು ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಯಾರೂ ಅವರಿಗೆ ಮನೆ ಕೊಟ್ಟಿರಲಿಲ್ಲ. ಶಿರಸ್ತೇದಾರರು ದನದ ಕೊಟ್ಟಿಗೆಯ ಮೇಲಿನ ಕೋಣೆ ತೆರೆದುಕೊಟ್ಟರು. ಓಣಿಯಲ್ಲಿ ಗುಸುಗುಸು ಎದ್ದಾಗ, “ನಮ್ಮನೆ ಒಲೆ ಮೇಲೇನು ಗಂಧ ಬೇಯುತ್ತಾ ಕಣಮ್ಮ?” ಎಂದು ನಮ್ಮಮ್ಮನನ್ನೇ ಕೇಳಿ ಮಾತು ಮುಗಿಸಿದರು.

ಕೋಣೆಯ ಜೊತೆಗೆ ಇಂಗ್ಲಿಷ್ ಪಾಠವನ್ನೂ ಕೊಟ್ಟರು. ಯಾರೂ ಕೇಳಿರಲಿಲ್ಲ. ಬಿನ್ನಿಪೇಟೆಯ ಮಿಲ್ಲಿನ ಸಂಜೆಯ ಸೈರನ್ ಕೂಗಿದ ಕೂಡಲೇ ಅಂಗಳದಲ್ಲಿ ಚಾಪೆ ಹಾಸಬೇಕು. ಸ್ನಾನಕ್ಕೆ ಬಿಸಿನೀರು ಬೇಕಾದರೆ ಅರ್ಜಿ, ಸೊಳ್ಳೆಪರದೆ ಬೇಕಾದರೆ ಅರ್ಜಿ, ಪುಟ್ಟಮ್ಮನವರ ಅವರೆಕಾಳಿನ ಸಾರು ಇನ್ನೊಂದು ಸಲ ಬೇಕಾದರೂ ಅರ್ಜಿ. ಶಿರಸ್ತೇದಾರರು ಕನ್ನಡಕ ಏರಿಸಿ ಓದಿ, ಅಂಚಿನಲ್ಲಿ ‘ಮಂಜೂರಾಗಿದೆ’ ಎಂದು ಬರೆದ ಮೇಲೆಯೇ ಸಾರು. ಆ ಮೂವರಲ್ಲಿ ಫ್ರಾನ್ಸಿಸ್ಕೊ ಎಂಬ ಉದ್ದನೆಯ, ನಾಚಿಕೆಯ ಹುಡುಗ ಎಲ್ಲರನ್ನೂ ಮೀರಿಸಿದ್ದ. ಅವನ ಊರಿನಲ್ಲಿಯೂ ದೊಡ್ಡವರಿಗೆ ಕಾಗದ ಬರೆಯುವಾಗ ಪರಮಶ್ರೇಷ್ಠರೇ, ಘನತೆವೆತ್ತವರೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕಂತೆ. ಅದನ್ನೇ ಇಂಗ್ಲಿಷಿಗೆ ಇಳಿಸುತ್ತಿದ್ದ. ಶಿರಸ್ತೇದಾರರಿಗೆ ಕಳೆದುಹೋದ ತಮ್ಮ ಸಿಕ್ಕಿದಷ್ಟು ಸಂತೋಷ. ಅವನ ಕಾಗದಗಳನ್ನು ನಮ್ಮ ಮನೆಗೆ ತಂದು ತೋರಿಸಿ, ಆ ದೇಶದಲ್ಲಿ ಇನ್ನೂ ಮರ್ಯಾದೆ ಉಳಿದಿದೆ ಎನ್ನುತ್ತಿದ್ದರು.

ಮರ್ಯಾದೆಯೇ ಮುಳುವಾಯಿತು. ಕಾಲೇಜಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಒಂದು ಪುಸ್ತಕ ಕಳಿಸುವಂತೆ ಅಂಗಡಿಯವನಿಗೆ ಕಾಗದ ಬರೆಯಿರಿ ಎಂದು ಕೇಳಿದ್ದರು. ಫ್ರಾನ್ಸಿಸ್ಕೊ ಅಂಗಡಿಯವನಿಗೆ ಎರಡು ಪುಟ ನಮಸ್ಕಾರ ಹೇಳಿದ. ಪುಸ್ತಕದ ಹೆಸರು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಲೆಕ್ಚರರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ನೂರು ಹುಡುಗರು ನಕ್ಕರು. ವಾರ್ಷಿಕ ಪರೀಕ್ಷೆಯಲ್ಲೂ ಇಂಗ್ಲಿಷ್ ಹೋದರೆ ಸೀಟು ಇಲ್ಲ ಎಂದು ಹೇಳಿ ಕಳಿಸಿದರು. ಸೀಟು ಹೋದರೆ ಗೋವಾಕ್ಕೆ ವಾಪಸ್ಸು. ಆಗ ಗಡಿಯಲ್ಲಿ ಬಿಗಿ ಕಾವಲು. ಒಮ್ಮೆ ಒಳಗೆ ಹೋದವನು ಮತ್ತೆ ಓದಲು ಹೊರಗೆ ಬರುತ್ತಾನೆಂಬ ಖಾತರಿ ಇರಲಿಲ್ಲ. ಆ ದಿನದಿಂದ ಹುಡುಗ ಇಂಗ್ಲಿಷಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಟ್ರಂಕು ಕಟ್ಟಿಟ್ಟಿದ್ದಾನೆ ಎಂದು ಪುಟ್ಟಮ್ಮನವರು ಬಂದು ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಶಿರಸ್ತೇದಾರರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಕಾಗದ ಇರಲಿಲ್ಲ. ಏನನ್ನಾದರೂ ಕೇಳಲು ಅವರು ಅರ್ಜಿಯಿಲ್ಲದೆ ಬಂದದ್ದು ಅದೇ ಮೊದಲು. ನನ್ನನ್ನು ಕರೆದು ಹೇಳಿದರು:

“ತಪ್ಪು ಆ ಹುಡುಗಂದಲ್ಲ ಕಣಮ್ಮ, ನಂದು. ನನ್ನ ಇಂಗ್ಲಿಷಿಗೆ ವಯಸ್ಸಾಗೋಗಿದೆ, ನಂಗೇ ಗೊತ್ತಾಗ್ಲಿಲ್ಲ. ನೀನು ಬಂದು ಕಲಿಸು. ನಾನೂ ಕೂತ್ಕೋತೀನಿ.”

ಅಪ್ಪ ಹಿಂದೆಮುಂದೆ ನೋಡಿದರು. ಮದುವೆಯಾಗದ ಹುಡುಗಿ, ಮೂವರು ಪರವೂರಿನ ಗಂಡುಹುಡುಗರು. ಪುಟ್ಟಮ್ಮನವರು ಅಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿರುತ್ತಾರೆ, ಬೀದಿ ಬಾಗಿಲು ತೆರೆದೇ ಇರುತ್ತದೆ, ತಾವಂತೂ ಮೊದಲ ಸಾಲಿನಲ್ಲೇ ಇರುತ್ತೇವೆ ಎಂದು ಶಿರಸ್ತೇದಾರರು ಒಪ್ಪಿಸಿದರು. ಅಂದಿನಿಂದ ನಾನು ಅವರ ಬಾಯಲ್ಲಿ ‘ಮೇಡಂ’ ಆದೆ. ಅರವತ್ತು ದಾಟಿದವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಮಾತಾಡುವ ಮೊದಲು ಕೈ ಎತ್ತುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ನನ್ನ ಪಾಠ ಬಹಳ ಸರಳ: ಬೇಕಾದ್ದನ್ನು ಮೊದಲ ಸಾಲಿನಲ್ಲೇ ಕೇಳಿ, ಉಳಿದದ್ದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ. ಹುಡುಗರು ಬೇಗ ಕಲಿತರು. ಶಿರಸ್ತೇದಾರರು ಮಾತ್ರ ಜಗ್ಗಲಿಲ್ಲ. “ಕದ ತಟ್ಟದೇನೇ ಒಳಕ್ಕೆ ನುಗ್ಗಿದಂಗೆ ಆಗಲ್ವಾ ಮೇಡಂ?” ಎಂದು ವಾದ ಹೂಡುತ್ತಿದ್ದರು. ಅವರ ‘ವಿಧೇಯ ಸೇವಕ’ನನ್ನು ನಾನು ದಿನಾ ಹೊಡೆದುಹಾಕುತ್ತಿದ್ದೆ, ಅವರು ದಿನಾ ಮತ್ತೆ ಬರೆದುಕೊಂಡು ಬರುತ್ತಿದ್ದರು. ಇಷ್ಟು ಹೇಳಿಕೊಟ್ಟರೂ ತಲೆಗೆ ಹತ್ತದಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಫ್ರಾನ್ಸಿಸ್ಕೊ ಚೆನ್ನಾಗಿಯೇ ಬರೆಯುತ್ತಿದ್ದ, ಆದರೆ ಮೂರು ವಾರವಾದರೂ ಬಾಯಿ ತೆರೆದಿರಲಿಲ್ಲ. ಪರೀಕ್ಷೆಯಲ್ಲಿ ಮೌಖಿಕವೂ ಇತ್ತು. ನಾನು ಗದರಿಸಿದೆ, ಪುಸಲಾಯಿಸಿದೆ. ಹುಡುಗ ತಲೆ ತಗ್ಗಿಸುತ್ತಿದ್ದ, ಅಷ್ಟೇ.

ಒಂದು ಸಂಜೆ, ರೈಲಿನಲ್ಲಿ ಕಳೆದುಹೋದ ಪೆಟ್ಟಿಗೆಯ ಬಗ್ಗೆ ದೂರು ಬರೆಯಲು ಹೇಳಿದ್ದೆ. ಶಿರಸ್ತೇದಾರರು ಎದ್ದು ನಿಂತು ತಮ್ಮದನ್ನು ಓದತೊಡಗಿದರು. ರೈಲ್ವೆಯ ಹಿರಿಮೆ ಬಂತು, ಸ್ಟೇಷನ್ ಮಾಸ್ತರರ ದಯಾಗುಣ ಬಂತು, ಅವರ ಮಕ್ಕಳುಮರಿಗಳಿಗೆ ಆಯುರಾರೋಗ್ಯ ಬಂತು. ಹನ್ನೆರಡು ಸಾಲು ಮುಗಿಯಿತು. ಆಗ ಮೂಲೆಯಿಂದ ಇಂಗ್ಲಿಷಿನಲ್ಲಿ ಮೆಲ್ಲಗೆ ಒಂದು ದನಿ ಕೇಳಿಸಿತು.

“ಸರ್, ಪೆಟ್ಟಿಗೆ ಇನ್ನೂ ಬರಲೇ ಇಲ್ಲ.”

ಫ್ರಾನ್ಸಿಸ್ಕೊ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಶಿರಸ್ತೇದಾರರೇ ನಕ್ಕರು. ಹಾಗಾದರೆ ಹೇಗೆ ಬರೆಯಬೇಕಿತ್ತು ಎಂದು ಕೇಳಿದರು. ಹುಡುಗ ಹೇಳಿದ. ಮತ್ತೆ ಕೇಳಿದರು, ಮತ್ತೆ ಹೇಳಿದ. ಆ ಸಂಜೆ ಪಾಠ ಮಾಡಿದವನು ಅವನೇ.

ಹುಡುಗರು ಎದ್ದುಹೋದ ಮೇಲೆ ಚಾಪೆ ಸುತ್ತುವಾಗ ಶಿರಸ್ತೇದಾರರು ಕೂತಿದ್ದ ಜಾಗದಲ್ಲಿ ಮಡಿಸಿದ ಕಾಗದವೊಂದು ಸಿಕ್ಕಿತು. ಅದೇ ಪೆಟ್ಟಿಗೆಯ ದೂರು, ಅವರದೇ ಅಕ್ಷರ. ಎರಡೇ ಸಾಲು. ಒಂದು ಪದ ಹೆಚ್ಚಿರಲಿಲ್ಲ, ಒಂದು ಪದ ಕಡಿಮೆಯಿರಲಿಲ್ಲ. ನಾನು ಕಾಗದ ಹಿಡಿದುಕೊಂಡು ಅವರ ಮುಖ ನೋಡಿದೆ. ಅವರು ಕೊಟ್ಟಿಗೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ನಗೋದಾದ್ರೆ ನನ್ನ ನೋಡಿ ನಗ್ಲಿ ಬಿಡಮ್ಮ. ನಂಗಾಗ್ಲೇ ಪಿಂಚಣಿ ಬಂದೋಗಿದೆ. ಆ ಹುಡುಗ ಇನ್ನೂ ಓದ್ಬೇಕು.”

ನನ್ನ ಜಂಬ ಅಲ್ಲೇ ಇಳಿಯಿತು. ಗದರಿಸಿ ಮಾಡಲಾಗದ್ದನ್ನು ಅವರು ತಮ್ಮನ್ನೇ ನಗೆಪಾಟಲಿಗೆ ಒಡ್ಡಿಕೊಂಡು ಮಾಡಿದ್ದರು. ಕಲಿಸುವುದೆಂದರೆ ಏನೆಂದು ನಾನು ಯಾವ ಕಾಲೇಜಿನಲ್ಲಿಯೂ ಕಲಿಯಲಿಲ್ಲ. ಆ ಅಂಗಳದಲ್ಲಿ, ಆ ಸಂಜೆ ಕಲಿತೆ.

ಫ್ರಾನ್ಸಿಸ್ಕೊ ಪಾಸಾದ. ಫಲಿತಾಂಶ ಬಂದ ದಿನ ಪುಟ್ಟಮ್ಮನವರೇ ಮೀನು ಹುರಿದರು. ಅದಕ್ಕೆ ಬೇಕಾದ ಕರಿಬೇವಿಗೆ ಫ್ರಾನ್ಸಿಸ್ಕೊ ಬರೆದ ಅರ್ಜಿ ಒಂದೇ ಸಾಲಿನದು. ನಮ್ಮಮ್ಮ ಅದನ್ನು ಬಹಳ ದಿನ ಸಾಸಿವೆ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು.

ಎರಡು ವರ್ಷದ ಮೇಲೆ ನನಗೆ ಮಂಡ್ಯದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಶಿರಸ್ತೇದಾರರು ರೈಲ್ವೆ ಸ್ಟೇಷನ್ನಿಗೆ ಬಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವು, ಜೊತೆಗೊಂದು ಲಕೋಟೆ. ರೈಲು ಹೊರಟ ಮೇಲೆ ಓದಬೇಕೆಂದರು. ಕರಿಬೇವು ನಮ್ಮ ಹಿತ್ತಲದ್ದೇ ಎಂದು ವಾಸನೆಯಿಂದಲೇ ತಿಳಿಯಿತು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ಬೇಸಿಗೆಯ ರಜೆಗೆ ನಾನು ಬರುವಷ್ಟರಲ್ಲಿ ಅವರು ಇರಲಿಲ್ಲ.

ರೈಲಿನಲ್ಲಿ ಲಕೋಟೆ ಒಡೆದೆ. ನೀಲಿ ಮಸಿ, ಎಡಕ್ಕೆ ನಾಲ್ಕು ಬೆರಳು ಅಂಚು. ಕ್ಷಮೆಯಿಲ್ಲ, ಹೊಗಳಿಕೆಯಿಲ್ಲ. ‘ಮೇಡಂ, ಮಕ್ಕಳಿಗೆ ಚೆನ್ನಾಗಿ ಕಲಿಸಿ.’ ಅಷ್ಟೇ. ಕೊನೆಗೂ ನನ್ನ ಪಾಠದಂತೆಯೇ ಬರೆದರಲ್ಲ ಎಂದುಕೊಂಡು ಕೆಳಗೆ ನೋಡಿದೆ. ಸಹಿಯ ಮೇಲೆ ಹಳೆಯ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ತಮ್ಮ ಅತ್ಯಂತ ವಿಧೇಯ ವಿದ್ಯಾರ್ಥಿ.’

ಆಮೇಲೆ ಮೂವತ್ತು ವರ್ಷ ಕೆಂಪು ಮಸಿ ಹಿಡಿದು ಎಷ್ಟೋ ಮಕ್ಕಳ ಎಷ್ಟೋ ಸಾಲು ಹೊಡೆದುಹಾಕಿದ್ದೇನೆ. ಆ ಸಾಲು ನನ್ನ ಪೆಟ್ಟಿಗೆಯಲ್ಲಿ ಹಾಗೆಯೇ ಇದೆ.