ಹತ್ತನೆಯ ಗಂಡಸು ಬೇಕು

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ನಾನು ಮತ್ತು ಸ್ಯಾಮ್ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ನಾನು ಒಂದು ವರ್ಷದ ತರಬೇತಿಗೆಂದು ಬಂದಿದ್ದ ಬಣ್ಣದ ಲ್ಯಾಬೊರೇಟರಿಯಲ್ಲಿ ಸ್ಯಾಮ್ ನನ್ನ ಪಕ್ಕದ ಮೇಜಿನವನು. ಯಹೂದಿ; ಆದರೆ ದಿನಾ ಊಟಕ್ಕೆ ತರುತ್ತಿದ್ದುದು ಅವರ ಧರ್ಮದಲ್ಲಿ ನಿಷಿದ್ಧವಾದ ಹಂದಿಮಾಂಸದ ಸ್ಯಾಂಡ್‌ವಿಚ್. "ಹದಿನೇಳಕ್ಕೇ ಅಪ್ಪನ ಹತ್ರ ಜಗಳ ಆಡಿ ದೇವರನ್ನ ಬಿಟ್ಟೆ. ಇನ್ನು ಸಿನಗಾಗ್ ಹೊಸಿಲು ತುಳಿಯಲ್ಲ ಅಂದೆ, ತುಳಿದಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಹುಟ್ಟಿದ ಬೀದಿಯನ್ನಾದರೂ ತೋರಿಸು ಎಂದು ನಾನೇ ಗಂಟುಬಿದ್ದಿದ್ದೆ.

ನ್ಯೂವಾರ್ಕಿನಲ್ಲಿ ಇಳಿದು, ಮೂವತ್ತು ಸೆಂಟು ಕೊಟ್ಟು, ಹಡ್ಸನ್ ನದಿಯ ಅಡಿಯಲ್ಲಿ ಹೋಗುವ ರೈಲು ಹಿಡಿದು ಮ್ಯಾನ್‌ಹಟನ್ ಸೇರಿದೆವು. ಅಲ್ಲಿಂದ ಸ್ಯಾಮ್ ಹುಟ್ಟಿದ ಲೋಯರ್ ಈಸ್ಟ್ ಸೈಡಿಗೆ ನಡೆದೇ ಹೋದೆವು. ಗಾಳಿ ಕಿವಿ ಕೊಯ್ಯುತ್ತಿತ್ತು. ಯಹೂದಿಗಳ ವಿಶ್ರಾಂತಿಯ ದಿನವೆಂದು ಶನಿವಾರ ಬಾಗಿಲು ಹಾಕಿದ್ದ ಅಂಗಡಿಗಳೆಲ್ಲ ತೆರೆದು, ಪ್ಯಾಂಟು ಮಾರುವವರು ದಾರಿಹೋಕರ ತೋಳು ಹಿಡಿದೆಳೆಯುತ್ತಿದ್ದರು. ಒಂದು ಅಂಗಡಿಯಲ್ಲಿ ಪೀಪಾಯಿಗೆ ಕೈಹಾಕಿ ಉಪ್ಪುನೀರಿನ ಸೌತೆಕಾಯಿ ತೆಗೆದುಕೊಟ್ಟರು. "ಜೆರ್ಸಿಲಿ ಸಿಗೋದು ಸೌತೆಕಾಯೇ ಅಲ್ಲ" ಎಂದ ಸ್ಯಾಮ್. ದೇವರನ್ನು ಬಿಟ್ಟವನಿಗೆ ಸೌತೆಕಾಯಿಯನ್ನು ಬಿಡಲು ಆಗಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಒಂದು ಹಳೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದ ಮುಂದೆ ಹಾಯುತ್ತಿದ್ದಾಗ ಒಬ್ಬರು ಮುದುಕರು ಮೆಟ್ಟಿಲಿಳಿದು ಬಂದು ಸ್ಯಾಮ್‌ನ ತೋಳು ಹಿಡಿದರು. ಇವರೂ ಪ್ಯಾಂಟು ಮಾರುವವರೇ ಎಂದುಕೊಂಡೆ.

"ಏನಪ್ಪಾ, ಯಹೂದಿನಾ?"

"ಹುಟ್ಟಿನಿಂದ. ನಂಬಿಕೆ ಇಲ್ಲ."

"ನಂಬಿಕೆ ವಿಷಯ ಯಾರು ಕೇಳಿದ್ರು? ತಾಯಿ ಯಹೂದಿ ತಾನೆ?"

ಅಂದು ಅವರ ತಮ್ಮ ತೀರಿಕೊಂಡ ತಿಥಿ. ಕದ್ದಿಷ್ ಎಂಬ ಪ್ರಾರ್ಥನೆ ಹೇಳಬೇಕು. ಹತ್ತು ಜನ ಯಹೂದಿ ಗಂಡಸರು ಸೇರದೆ ಹೇಳುವಂತಿಲ್ಲ. ಬೆಳಗ್ಗೆ ಎಂಟೇ ಜನ ಬಂದಿದ್ದರಂತೆ, ಈಗ ಒಂಬತ್ತು. ಇನ್ನು ಅರ್ಧ ಗಂಟೆಯಲ್ಲಿ ಸೂರ್ಯ ಮುಳುಗಿದರೆ ತಿಥಿ ಮುಗಿಯಿತು.

"ನಾನು ಬರ್ತೀನಿ, ನನಗೆ ದೇವರಲ್ಲಿ ನಂಬಿಕೆ ಇದೆ" ಎಂದು ಮುಂದೆ ಬಂದೆ. ಮುದುಕರು ನನ್ನನ್ನು ಪ್ರೀತಿಯಿಂದಲೇ ನೋಡಿದರು. "ಬನ್ನಿ, ಹೊರಗೆ ಚಳಿ. ಆದ್ರೆ ನನಗೆ ಬೇಕಾಗಿರೋದು ಇವನು."

ನನಗೆ ನಿಜವಾಗಿ ಕೆಡುಕೆನಿಸಿತು. ದಿನಾ ಸಂಧ್ಯಾವಂದನೆ ಮಾಡುವ ನಾನು ಲೆಕ್ಕಕ್ಕಿಲ್ಲ, ಹಂದಿ ತಿನ್ನುವ ಸ್ಯಾಮ್ ಬೇಕು! ಆಮೇಲೆ ನಮ್ಮ ಮನೆಯ ಶ್ರಾದ್ಧ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಬ್ರಾಹ್ಮಣಾರ್ಥಕ್ಕೆ ಕೂರುವವರ ಗೋತ್ರ ಕೇಳುತ್ತೇವೆಯೇ ಹೊರತು ನಂಬಿಕೆಯನ್ನು ನಾವು ಎಂದಾದರೂ ಕೇಳಿದ್ದೇವೆಯೇ?

"ಇಪ್ಪತ್ತು ವರ್ಷದ ಹಠ ನಂದು. ಸುಳ್ಳು ಪ್ರಾರ್ಥನೆ ಮಾಡಲ್ಲ" ಎಂದ ಸ್ಯಾಮ್.

"ಮಾಡಬೇಡ. ಸುಮ್ನೆ ನಿಂತ್ಕೋ." ಮುದುಕರು ತೋಳು ಬಿಡಲಿಲ್ಲ. "ನನ್ನ ತಮ್ಮನೂ ನಂಬ್ತಿರಲಿಲ್ಲ. ಸಾಯೋವರೆಗೂ ನನ್ನ ಹತ್ರ ಅದೇ ಜಗಳ. ಆದ್ರೂ ಪ್ರತಿ ವರ್ಷ ಅವನಿಗೋಸ್ಕರ ಕದ್ದಿಷ್ ಹೇಳ್ತೀನಿ. ಈ ವರ್ಷವೂ ಹೇಳೇ ಹೇಳ್ತೀನಿ."

ಸ್ಯಾಮ್ "ಪ್ರಾರ್ಥನೆ ಪುಸ್ತಕ ಮುಟ್ಟಲ್ಲ" ಎಂದು ಮೆಟ್ಟಿಲು ಹತ್ತಿದ.

ಒಳಗೆ ಐನೂರು ಜನ ಹಿಡಿಸುವ ಬೆಂಚುಗಳಲ್ಲಿ ಎಂಟು ಮುದುಕರು ಕೋಟು ಹಾಕಿಕೊಂಡೇ ಕೂತಿದ್ದರು. ಮನುಷ್ಯರನ್ನು ಎಣಿಸಬಾರದು ಎಂಬ ಶಾಸ್ತ್ರ ಅವರದು. ಅದಕ್ಕೇ ಅವರಲ್ಲೊಬ್ಬರು "ಒಂದಲ್ಲ, ಎರಡಲ್ಲ" ಎಂದು ಬೆರಳು ತೋರಿಸುತ್ತ ಬಂದರು. ಉಣ್ಣೆಯ ಟೋಪಿ ಹಾಕಿಕೊಂಡು ಗಂಭೀರವಾಗಿ ಕೂತಿದ್ದ ನನ್ನನ್ನು ದಾಟಿದ ಬೆರಳು ಸ್ಯಾಮ್‌ನ ಮುಂದೆ ನಿಂತಿತು. "ಹತ್ತಲ್ಲ!" ಎಂದರು. ಎಲ್ಲರ ಮುಖವೂ ಅರಳಿತು.

ಮುದುಕರು ಎದ್ದು ಕದ್ದಿಷ್ ಹೇಳಿದರು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಉಳಿದವರು "ಆಮೆನ್" ಎಂದರು. ಸ್ಯಾಮ್ ಕೈಕಟ್ಟಿ ನಿಂತಿದ್ದ, ತುಟಿ ಬಿಚ್ಚಲಿಲ್ಲ. ಆಮೆನ್ ಎಂದವರಲ್ಲಿ ನಾನೂ ಒಬ್ಬ.

ಪ್ರಾರ್ಥನೆಯಾದ ಮೇಲೆ ಎಲ್ಲರಿಗೂ ಒಂದು ತುಂಡು ಕೇಕು, ಒಂದೊಂದು ಗುಟುಕು ವಿಸ್ಕಿ. ನಾನು ಕೇಕಿನಲ್ಲೇ ತೃಪ್ತನಾದೆ. ಹೊರಡುವಾಗ ಬಾಗಿಲಲ್ಲಿ ಸ್ಯಾಮ್ ಜೇಬಿನಿಂದ ಪೆನ್ನು ತೆಗೆದು, ರೈಲಿನ ವೇಳಾಪಟ್ಟಿಯ ಮೂಲೆ ಹರಿದು ಏನೋ ಗೀಚಿ ಮುದುಕರ ಕೈಗಿಟ್ಟ.

"ಒಂಬತ್ತು ಜನ ಇದ್ರೆ ಮಾತ್ರ ಫೋನ್ ಮಾಡಿ. ಹತ್ತಾದ್ರೆ ನಾನು ಬರಲ್ಲ."

ಮುದುಕರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಜೆರ್ಸಿ! ಬರಕ್ಕೆ ಎಷ್ಟೊತ್ತು ಬೇಕು?"

"ಒಂದೂವರೆ ಗಂಟೆ."

"ಹಾಗಾದ್ರೆ ಮಧ್ಯಾಹ್ನಾನೇ ಮಾಡ್ತೀನಿ."

ಸ್ಯಾಮ್ ಗೊಣಗುತ್ತ ಮೆಟ್ಟಿಲಿಳಿದ. ಬರೆದುಕೊಟ್ಟದ್ದು ಮಾತ್ರ ಅವನ ಮನೆಯ ನಿಜವಾದ ನಂಬರೇ. ನಾನು ಬಗ್ಗಿ ನೋಡಿದ್ದೆ.